ನಾಟಕದ ಎಂ.ಎ. ವಿಜಯಪುರಕ್ಕೆ ಯಾಕೆ ಬೇಡ?

ನಾಟಕದಲ್ಲಿ ಎಂ.ಎ. ಮಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಮಕ್ಕಳನ್ನು ಗದರುವ ಹಿರಿಯರೇ ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ಜಾತ್ರೆ ನಾಟಕಕ್ಕೆ ಮುಂದೆ ನಿಂತು ಪಟ್ಟಿ ಎತ್ತುತ್ತಾರೆ. ದ್ರಾಕ್ಷಿ ಬೆಳೆದು ನಾಲ್ಕು ಕಾಸು ಕಂಡ ಊರುಗಳಲ್ಲಿ ಸೀನು, ಮೈಕು, ಪೇಟಿ, ತಬಲಾ ಎಲ್ಲಕ್ಕೂ ರೊಕ್ಕ ಹುಟ್ಟುತ್ತದೆ. ಪಾರ್ಟು ಬೇಕೆಂದ ಹುಡುಗ ತಾನೇ ಕೈಯಿಂದ ಹಣ ಕಟ್ಟುತ್ತಾನೆ. ನಾಟಕ ಬೇಕು, ನಾಟಕದ ಓದು ಮಾತ್ರ ಬೇಡ!

ಆ ನಾಟಕದ ಹ್ಯಾಂಡ್‌ಬಿಲ್ ಬಿಡಿಸಿ ನೋಡಿ. ಮೇಲೆ ಸ್ವಾಮಿಗಳು, ಅವರ ಕೆಳಗೆ ರಾಜಕಾರಣಿಗಳು, ನಡುವೆ ಊರ ಹುಡುಗರ ಫೋಟೊಗಳು. ತಳದಲ್ಲಿ ಮೂರೋ ನಾಲ್ಕೋ ಹೆಣ್ಣುಮುಖ, ಹೆಚ್ಚಾಗಿ ಎಲ್ಲ ಪರವೂರಿನವು. ರಾತ್ರಿಗೆ ಇಷ್ಟೆಂದು ಮಾತಾಡಿ ಕರೆಸಿದವರು. ಸ್ಟೇಜಿನ ಮೇಲೆ ಅವರಿಗೆ ಸೀಟಿ, ಬೆನ್ನ ಹಿಂದೆ ಚುಚ್ಚುಮಾತು. ಊರ ಹೆಣ್ಣುಮಗಳ ಹೆಸರು ಆ ಕಾಗದದಲ್ಲಿ ಸಿಗುವುದು ಅಪರೂಪ.

ಇದೇ ತಿಕೋಟಾ ದಾರಿಯಲ್ಲಿ, ತೊರವಿಯಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಶುರುವಾದದ್ದು. ರಂಗಕಲೆಯ ಪೂರ್ಣ ಪ್ರಮಾಣದ ಸ್ನಾತಕೋತ್ತರ ವಿಭಾಗ ಬೇಕಾದದ್ದು ಅಲ್ಲಿ. ಈಗ ಆ ಪದವಿ ಬೇಕೆಂದರೆ ನಮ್ಮ ಮಕ್ಕಳು ಹೆಚ್ಚಾಗಿ ಬೆಂಗಳೂರು, ಮೈಸೂರಿನ ಹಾದಿ ಹಿಡಿಯಬೇಕು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವನ್ನೂ ಕಟ್ಟಿದ್ದು ಮೈಸೂರಿನಲ್ಲೇ. ಗಂಡುಮಕ್ಕಳು ಹೇಗೋ ಹೋದಾರು. ಬಬಲೇಶ್ವರದ ಯಾವ ತಂದೆ ನಾಟಕ ಕಲಿಯಲೆಂದು ಮಗಳನ್ನು ಐನೂರು ಕಿಲೊಮೀಟರಿಗೂ ಆಚೆ ಕಳಿಸುತ್ತಾನೆ?

ಇಲ್ಲಿ ಓದಲು ಏನಿದೆ ಎನ್ನುವವರಿಗೆ ಈ ಜಿಲ್ಲೆಯೇ ಗೊತ್ತಿಲ್ಲ. ನಾಟ್ಯಶಾಸ್ತ್ರವನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಂದ ಶ್ರೀರಂಗರು 1904ರಲ್ಲಿ ಹುಟ್ಟಿದ್ದು ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಅಖಂಡ ವಿಜಯಪುರ ಜಿಲ್ಲೆಯ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಇಂದಿಗೂ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುತ್ತದೆ. ಅದರ ಶಕುನಿಯ ಮಾತುಗಳನ್ನು ಶಾಲೆ ಬಿಟ್ಟವರೂ ಬಾಯಿಪಾಠ ಒಪ್ಪಿಸುತ್ತಾರೆ. ವಿಜಯಪುರದ ರಂಗಮಂದಿರಕ್ಕೆ ಹನುಮಂತರಾಯರ ಹೆಸರಿಟ್ಟು ಕೈತೊಳೆದುಕೊಂಡಿದ್ದೇವೆ. ಅದೇ ಅಖಂಡ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈ ಸಿನಿಮಾದಲ್ಲಿ ಹಾಡಿ, ನಟಿಸಿ ಗಳಿಸಿದ ಹೆಸರು ವಿಜಯಪುರದ ಅಮೀರ್ ಟಾಕೀಸಿನ ಬೋರ್ಡಿಗೆ ಬಂತು, ಪಠ್ಯಕ್ಕೆ ಬರಲಿಲ್ಲ. ಸ್ತಾನಿಸ್ಲಾವ್‌ಸ್ಕಿ, ಬ್ರೆಕ್ಟ್‌ರಂಥ ಯುರೋಪಿನ ರಂಗಕರ್ಮಿಗಳೆಲ್ಲ ಪಠ್ಯದಲ್ಲಿ ಇರಲಿ. ಜೊತೆಗೆ ಪೇಟಿ ಮಾಸ್ತರರನ್ನೂ ನಾಟಕ ಕಂಪನಿಯ ಹಿರಿಯ ನಟಿಯರನ್ನೂ ಗೌರವಧನ ಕೊಟ್ಟು ತರಗತಿಗೆ ಕರೆಸಿ. ಅವರ ಬಳಿ ಪದವಿ ಇಲ್ಲ ಎಂಬ ತಕರಾರು ಬೇಡ.

ಇರುವ ವಿಶ್ವವಿದ್ಯಾಲಯಗಳನ್ನೇ ಸಾಕಲಾಗದೆ 2025ರಲ್ಲಿ ಸಂಪುಟ ಉಪಸಮಿತಿ ಒಂಬತ್ತನ್ನು ಮುಚ್ಚುವ ಮಾತಾಡಿತಲ್ಲ, ಪಕ್ಕದ ಬಾಗಲಕೋಟೆಯದೂ ಆ ಪಟ್ಟಿಯಲ್ಲಿತ್ತಲ್ಲ ಎಂದು ಕೇಳಬಹುದು. ಸರಿ. ನಾನು ಕೇಳುತ್ತಿರುವುದು ಇನ್ನೊಂದು ವಿಶ್ವವಿದ್ಯಾಲಯವನ್ನಲ್ಲ, ಇರುವುದರಲ್ಲಿ ಒಂದು ವಿಭಾಗವನ್ನು. ಅದನ್ನೂ ಬರೀ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿ ನಡೆಸುವುದಾದರೆ ತೆರೆಯದಿರುವುದೇ ಲೇಸು.

ಕೆಲಸದ ಪ್ರಶ್ನೆ ಮಾತ್ರ ನಿಜವಾದದ್ದು; ಅದಕ್ಕೆ ಉತ್ತರ ಕೊಡಬೇಕಾದ್ದು ಸರ್ಕಾರ. ಹಿಂದೊಮ್ಮೆ ಸರ್ಕಾರಿ ಪ್ರೌಢಶಾಲೆಗಳಿಗೆ ಬೆರಳೆಣಿಕೆಯ ನಾಟಕ ಶಿಕ್ಷಕರನ್ನು ನೇಮಿಸಿದ ಸರ್ಕಾರವೇ ರಂಗಪದವೀಧರರಿಗೆ ಆ ಬಾಗಿಲು ಅಗಲವಾಗಿ ತೆರೆಯಲಿಲ್ಲ. ಪದವಿ ಕೊಟ್ಟು ಹುದ್ದೆ ಕೊಡದವರು ತಪ್ಪನ್ನು ಪದವಿಯ ಮೇಲೆ ಹೊರಿಸಬಾರದು.

ಬರುವ ಜಾತ್ರೆಗೆ ನಾಟಕ ಉದ್ಘಾಟಿಸಲು ಮಂತ್ರಿಗಳು, ಶಾಸಕರು ನಿಮ್ಮೂರ ಸ್ಟೇಜು ಹತ್ತುತ್ತಾರೆ. ಶಾಲು ಹೊದಿಸುವ ಮೊದಲು ಎರಡು ಮಾತು ಕೇಳಿ: ತೊರವಿಯಲ್ಲಿ ರಂಗಕಲೆ ವಿಭಾಗ ಯಾವಾಗ? ನಮ್ಮ ಹೈಸ್ಕೂಲಿಗೆ ನಾಟಕದ ಮೇಷ್ಟ್ರು ಯಾವಾಗ?