ಹಾಸಿಗೆ ಇದ್ದಷ್ಟು ಹನ್ನೊಂದು ಜನ

ಕನಸಿನ ತಂಡ ಕಟ್ಟೋದು ಯಾರಿಗೆ ಗೊತ್ತಿಲ್ಲ ಹೇಳಿ? ದ್ರಾವಿಡ್, ಕುಂಬ್ಳೆ, ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ... ಕಾಫಿ ಆರೋದರೊಳಗೆ ಹನ್ನೊಂದು ಹೆಸರು ಬರೆದು ಮುಗಿಸಬಹುದು. ಖರ್ಚಿಗೆ ಮಿತಿ ಇಲ್ಲದಿದ್ದರೆ ಅದು ತಂಡ ಕಟ್ಟೋದಲ್ಲ, ಬರೀ ಅಭಿಮಾನ. ಫ್ಯಾಂಟಸಿ ಕ್ರಿಕೆಟ್ ಅನ್ನೋ ಆಟದ ಜೀವ ಇರೋದು ಆಟಗಾರರಲ್ಲಿ ಅಲ್ಲ, ಕೈಯಲ್ಲಿರೋ ದುಡ್ಡಿನ ಮಿತಿಯಲ್ಲಿ. ಆ ಮಿತಿ ಚಿಕ್ಕದಾದಷ್ಟೂ ಆಟ ದೊಡ್ಡದಾಗುತ್ತೆ ಅನ್ನೋದು ನನ್ನ ವಾದ. ಒಪ್ಪದಿದ್ದವರು ಕೊನೇವರೆಗೆ ಓದಿ ಆಮೇಲೆ ಬೈಯಿರಿ :)

ನಮ್ಮ ಧರ್ಮಪುರದಲ್ಲಿ ನಾವು ನಾಲ್ಕು ಜನ ಗೆಳೆಯರು ಈ ಆಟವನ್ನು ಲಾಂಗ್ ನೋಟ್‌ಬುಕ್ಕಿನಲ್ಲಿ ಆಡ್ತೀವಿ. ದುಡ್ಡಿಲ್ಲ, ಆ್ಯಪ್ ಇಲ್ಲ. ಕರ್ನಾಟಕದ ಪರ ಯಾವ ಕಾಲದಲ್ಲಾದರೂ ಆಡಿದವರು ಯಾರಾದರೂ ಸರಿ. ಎಲ್ಲರೂ ಕೂತು ಜಗಳ ಆಡಿ ಬೆಲೆ ಕಟ್ಟಿದ್ದೀವಿ: ಕುಂಬ್ಳೆ 20, ದ್ರಾವಿಡ್ 18, ವಿಶ್ವನಾಥ್ ಮತ್ತು ಚಂದ್ರ ತಲಾ 17, ಪ್ರಸನ್ನ ಮತ್ತು ಶ್ರೀನಾಥ್ 15, ಕಿರ್ಮಾನಿ ಮತ್ತು ಬ್ರಿಜೇಶ್ ಪಟೇಲ್ 12, ರೋಜರ್ ಬಿನ್ನಿ 11, ಸುನಿಲ್ ಜೋಶಿ 9, ವಿಜಯ್ ಭಾರದ್ವಾಜ್, ವಿನಯ್ ಕುಮಾರ್, ಕರುಣ್ ನಾಯರ್ 8. ಒಂದೆರಡು ರಣಜಿ ಸೀಸನ್ ಆಡಿ ಮರೆಯಾದವರಿಗೆ ಕನಿಷ್ಠ ಬೆಲೆ 4. ಪ್ರತಿಯೊಬ್ಬ ಆಟಗಾರನ ಹೆಸರಲ್ಲಿ ಒಂದು ಖಾಲಿ ಬೆಂಕಿಪೊಟ್ಟಣ, ಅದರಲ್ಲಿ ಅವನು ನಿಜವಾಗಿ ಆಡಿದ 20 ಪಂದ್ಯಗಳ ಸ್ಕೋರು ಬರೆದ ಚೀಟಿಗಳು. ಪಂದ್ಯಕ್ಕೆ ಒಂದು ಚೀಟಿ ಎತ್ತೋದು. ರನ್ನಿಗೆ ಒಂದು, ವಿಕೆಟ್ಟಿಗೆ ಇಪ್ಪತ್ತು ಅಂಕ. ಶಾಲೇಲಿ ಪಾಠಪುಸ್ತಕದ ಪುಟ ತೆಗೆದು ಆಡ್ತಿದ್ದ ಬುಕ್ ಕ್ರಿಕೆಟ್ಟಿಗೆ ಸ್ವಲ್ಪ ಬುದ್ಧಿ ಬಂದರೆ ಹೀಗಿರುತ್ತೆ ಅಂದ್ಕೊಳ್ಳಿ.

ಈಗ ಅಸಲಿ ವಿಷಯ. ನಾವು ಮೂರು ಮಿತಿಗಳಲ್ಲಿ ಆಡ್ತೀವಿ: 150, 100, 70.

150ರ ಆಟದಲ್ಲಿ ಮೇಲೆ ಹೇಳಿದ ಮೊದಲ ಒಂಬತ್ತು ಜನರನ್ನೂ ಒಟ್ಟಿಗೆ ಕೊಳ್ಳಬಹುದು. ಲೆಕ್ಕ ಹಾಕಿ ನೋಡಿ, 137 ಆಗುತ್ತೆ. ಉಳಿದ 13ಕ್ಕೆ ಭಾರದ್ವಾಜ್ ಮತ್ತು ಒಬ್ಬ ನಾಲ್ಕರವನು. ಮುಗೀತು. ನಾಲ್ಕು ಜನರ ನೋಟ್‌ಬುಕ್ಕಲ್ಲೂ ಹೆಚ್ಚುಕಮ್ಮಿ ಅದೇ ಹೆಸರುಗಳು. ಆಮೇಲೆ ಗೆಲ್ಲೋದು ಚೀಟಿ, ನಾವಲ್ಲ.

100ಕ್ಕೆ ಇಳಿದರೆ ಮೊದಲ ನೋವು ಶುರು. ಕುಂಬ್ಳೆ, ದ್ರಾವಿಡ್ ಇಬ್ಬರನ್ನೂ ಹಿಡಿದರೆ 38 ಹೋಯ್ತು, ಒಂಬತ್ತು ಜನಕ್ಕೆ 62. ಕಷ್ಟ, ಆದರೂ ಸಂಸಾರ ನಡೆಯುತ್ತೆ.

70ಕ್ಕೆ ಬಂದರೆ ಲೆಕ್ಕವೇ ಬೇರೆ. ಬಹಳ ಜನ ಎಡವೋದು ಇಲ್ಲೇ. 100ರಿಂದ 70 ಅಂದರೆ ನೂರಕ್ಕೆ ಮೂವತ್ತು ಕಡಿಮೆ ಅನ್ಸುತ್ತೆ ಅಲ್ವಾ? ಆದರೆ ಹನ್ನೊಂದು ಜನರನ್ನು ನಿಲ್ಲಿಸೋಕೇ ಕನಿಷ್ಠ 44 ಬೇಕು. ಅದನ್ನು ಕಳೆದು ನೋಡಿ. 150ರಲ್ಲಿ ನಿಮ್ಮ ನಿಜವಾದ ಸ್ವಾತಂತ್ರ್ಯ 106. ನೂರರಲ್ಲಿ 56. ಎಪ್ಪತ್ತರಲ್ಲಿ ಬರೀ 26! ಅಂದರೆ ಕೈಯಲ್ಲಿದ್ದ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯಿತು. ಕುಂಬ್ಳೆಗೆ ಕನಿಷ್ಠ ಬೆಲೆಗಿಂತ 16 ಹೆಚ್ಚು ಕೊಡಬೇಕು. 106ರಲ್ಲಿ ಅದು ನೂರಕ್ಕೆ ಹದಿನೈದು. 26ರಲ್ಲಿ ನೂರಕ್ಕೆ ಅರವತ್ತಕ್ಕೂ ಜಾಸ್ತಿ. ಕುಂಬ್ಳೆ ಬೆಲೆ ಎಲ್ಲಾ ಆಟದಲ್ಲೂ 20ಏ, ಆದರೆ 70ರ ಆಟದಲ್ಲಿ ಅದೇ ಕುಂಬ್ಳೆ ನಾಲ್ಕು ಪಟ್ಟು ದುಬಾರಿ.

ನಮ್ಮ ಕಡೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಹಿರಿಯೂರು ತಾಲ್ಲೂಕಿನ ಆಂಧ್ರ ಗಡಿಯ ಬಯಲುಸೀಮೆ. ಬೋರಿನಲ್ಲಿ ಎರಡಿಂಚು ನೀರು ಬಂದರೆ ಅದರಲ್ಲಿ ದಾಳಿಂಬೆ ಹಾಕಬೇಕೋ, ಈರುಳ್ಳಿಯೋ, ಶೇಂಗಾಕ್ಕೆ ಸಾಕೋ ಅಂತ ಲೆಕ್ಕ ಹಾಕ್ತಾರೆ. ಮೊದಲು ಮನೆಗೂ ದನಕ್ಕೂ ಬೇಕಾದ ನೀರು ತೆಗೆದಿಟ್ಟು, ಉಳಿದದ್ದರಲ್ಲಿ ಬೆಳೆ. ನೀರು ಎರಡಿಂಚಿನಿಂದ ಒಂದೂವರೆಗೆ ಇಳಿದರೆ ಬೆಳೆ ಕಾಲು ಭಾಗ ಅಲ್ಲ, ಅರ್ಧವೇ ಹೋಗುತ್ತೆ. ಅದೇ ಲೆಕ್ಕ ಇದು.

70ರಲ್ಲಿ ನನ್ನ ತಂಡ ಹೀಗಿದೆ: ಕಿರ್ಮಾನಿ 12, ಜೋಶಿ 9, ಭಾರದ್ವಾಜ್ 8, ವಿನಯ್ 8, ಕರುಣ್ 8, ಜೊತೆಗೆ ನಾಲ್ಕರ ಆರು ಜನ. ಒಟ್ಟು 69. ಕುಂಬ್ಳೆ ಇಲ್ಲದ ತಂಡ ಒಂದು ತಂಡವಾ ಅಂತ ಗೆಳೆಯರು ನಗ್ತಾರೆ. ನಗಲಿ ಬಿಡಿ. ಬೆಲೆ ಕಟ್ಟೋವಾಗ ನಾವೆಲ್ಲ ನೋಡೋದು ಹೆಸರನ್ನ, ಕೆಲಸವನ್ನಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಜೋಶಿ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ಎಷ್ಟು ಜನಕ್ಕೆ ನೆನಪಿದೆ? ಅದೇ ಸರಣಿಯಲ್ಲಿ ಮೊದಲ ಸಲ ಭಾರತಕ್ಕೆ ಆಡಿದ ಭಾರದ್ವಾಜ್ ಸರಣಿಶ್ರೇಷ್ಠ ಆಗಿದ್ದು? ನಮ್ಮ ಪಕ್ಕದ ದಾವಣಗೆರೆಯ ವಿನಯ್ ಕುಮಾರ್ 2013-14, 2014-15ರಲ್ಲಿ ಸತತ ಎರಡು ಸಲ ರಣಜಿ ಕಪ್ ತಂದ ನಾಯಕ. ಕರುಣ್ 2016ರಲ್ಲಿ ಚೆನ್ನೈನಲ್ಲಿ ಟೆಸ್ಟ್ ತ್ರಿಶತಕ ಹೊಡೆದೂ ಮರುವರ್ಷವೇ ತಂಡದಿಂದ ಹೊರಬಿದ್ದು, ವಾಪಸ್ ಬರೋಕೆ 2025ರವರೆಗೆ ಕಾದವರು. ಇಂಥವರು 8ಕ್ಕೆ ಸಿಗ್ತಾರೆ ಅಂದರೆ ಅದು ಅವರ ಬೆಲೆ ಅಲ್ಲ, ನಮ್ಮ ಮರೆವಿನ ಬೆಲೆ. ದೊಡ್ಡ ಮಿತಿಯ ಆಟದಲ್ಲಿ ಇವರನ್ನು ಯಾರೂ ತಿರುಗಿ ನೋಡಲ್ಲ. ಆ ನಾಲ್ಕರ ಆರು ಜನರಿಗಾಗಿ ನಾನು ಹಳೇ ಸ್ಕೋರ್‌ಕಾರ್ಡುಗಳನ್ನು ಎಷ್ಟು ಜಾಲಾಡಿದ್ದೀನಿ ಅಂದರೆ, ಕರ್ನಾಟಕ ಕ್ರಿಕೆಟ್ಟಿನ ಚರಿತ್ರೆ ನನಗೆ ಗೊತ್ತಾಗಿದ್ದೇ ಅವರಿಂದ.

ಇದೆಲ್ಲ ಚೀಟಿ ಆಟದ ಮಾತು, ನಿಜವಾದ ದುಡ್ಡಲ್ಲಿ ನಡೆಯಲ್ಲ ಅಂತೀರಾ? ಐಪಿಎಲ್ ನೋಡಿ. 2008ರಲ್ಲಿ ಪ್ರತಿ ತಂಡಕ್ಕೆ 50 ಲಕ್ಷ ಡಾಲರ್ ಮಿತಿ. ಧೋನಿ ಒಬ್ಬರಿಗೇ ಚೆನ್ನೈ 15 ಲಕ್ಷ ಡಾಲರ್ ಕೊಟ್ಟಿತು. ರಾಜಸ್ಥಾನ ಮಾತ್ರ ಕನಿಷ್ಠ ಖರ್ಚು ಮಾಡಬೇಕಾದಷ್ಟನ್ನೂ ಮಾಡಲಿಲ್ಲ. ಅವರು 1.25 ಲಕ್ಷ ಡಾಲರಿಗೆ ಕೊಂಡ ಶೇನ್ ವಾಟ್ಸನ್ ಸರಣಿಶ್ರೇಷ್ಠ ಆದ, ಕಪ್ಪೂ ಅವರದ್ದೇ ಆಯ್ತು. ನಮ್ಮ ಬೆಂಗಳೂರು ಆ ವರ್ಷ ಎಂಟರಲ್ಲಿ ಏಳನೇ ಸ್ಥಾನ. 2014ರಲ್ಲಿ ಯುವರಾಜ್‌ಗೆ 14 ಕೋಟಿ ಸುರಿದರೂ ಕಪ್ ಬರಲಿಲ್ಲ. 2025ರ ಹರಾಜಿನಲ್ಲಿ ಮಿತಿ 120 ಕೋಟಿ. ಕೊಹ್ಲಿ, ಪಾಟಿದಾರ್, ಯಶ್ ದಯಾಳ್ ಮೂವರನ್ನು 37 ಕೋಟಿಗೆ ಉಳಿಸಿಕೊಂಡು, ಉಳಿದ 83 ಕೋಟಿಯಲ್ಲಿ ಬೆಂಗಳೂರು ಯಾರಿಗೂ ಹನ್ನೆರಡೂವರೆ ಕೋಟಿಗಿಂತ ಜಾಸ್ತಿ ಕೊಡಲಿಲ್ಲ. ಫೈನಲಿನಲ್ಲಿ ಪಂದ್ಯಶ್ರೇಷ್ಠ ಆಗಿದ್ದು 5.75 ಕೋಟಿಯ ಕೃಣಾಲ್ ಪಾಂಡ್ಯ. ಹದಿನೆಂಟು ವರ್ಷಕ್ಕೆ ಕಪ್ ನಮ್ಮದಾಯ್ತು. ಹಾಗಂತ ದೊಡ್ಡ ಬೆಲೆ ಯಾವಾಗಲೂ ದಡ್ಡತನ ಅಂತಲ್ಲ. ಅದೇ ಫೈನಲಿನಲ್ಲಿ ಎದುರಿಗಿದ್ದ ಪಂಜಾಬಿನ ನಾಯಕ ಶ್ರೇಯಸ್ ಅಯ್ಯರ್ ಬೆಲೆ 26.75 ಕೋಟಿ. ದೊಡ್ಡವರನ್ನು ಕೊಳ್ಳೋದು ತಪ್ಪಲ್ಲ, ಕೊಂಡ ಮೇಲೆ ಉಳಿದ ಹತ್ತು ಜನರನ್ನು ಎಲ್ಲಿಂದ ತರ್ತೀವಿ ಅಂತ ಮೊದಲೇ ಯೋಚಿಸದಿರೋದು ತಪ್ಪು.

ಈ ಆಟಕ್ಕೆ ತವರು ಅಮೆರಿಕದ ಬೇಸ್‌ಬಾಲ್. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದ ರೋಟಿಸರಿ ಲೀಗಿನಿಂದ ಇದು ಬೆಳೆಯಿತು. ಈಗಲೂ ಅಲ್ಲಿ 260 ಡಾಲರಿಗೆ 23 ಆಟಗಾರರು ಅನ್ನೋದು ರೂಢಿಯ ಲೆಕ್ಕ. ತಮಾಷೆ ಏನು ಗೊತ್ತಾ? ನಿಜವಾದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿ ಬಂದಿಲ್ಲ, ಅತಿ ಖರ್ಚಿಗೆ ತೆರಿಗೆ ಅಷ್ಟೇ. ಶ್ರೀಮಂತ ತಂಡಗಳು ಹೇಗೋ ನಡೆಸ್ತವೆ. ಆದರೆ ಅಭಿಮಾನಿಗಳು ತಮ್ಮೊಳಗೆ ಆಡೋಕೆ ಕೂತಾಗ ಮೊದಲು ಹಾಕಿಕೊಂಡದ್ದೇ ಮಿತಿ. ಅದಿಲ್ಲದೆ ಆಟ ಇಲ್ಲ ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ನಮ್ಮ ಮೊಬೈಲ್ ಆ್ಯಪ್‌ಗಳಲ್ಲಿ ಮಿತಿ ಇರಲಿಲ್ವಾ? ಇತ್ತು, 100 ಕ್ರೆಡಿಟ್. ನನ್ನ ತಕರಾರು ಇರೋದು ಇಲ್ಲೇ. ತಂಡಕ್ಕೆ ಮಿತಿ ಇತ್ತು, ಜೇಬಿಗೆ ಇರಲಿಲ್ಲ. ಒಬ್ಬನೇ ಒಂದೇ ಸ್ಪರ್ಧೆಗೆ ಹಲವು ತಂಡ ಇಳಿಸಬಹುದಿತ್ತು, ಪ್ರತಿಯೊಂದಕ್ಕೂ ಪ್ರವೇಶ ಶುಲ್ಕ. ಕೂಲಿ ಮಾಡೋ ಹುಡುಗ ಒಂದು ತಂಡ ಕಟ್ಟಿದರೆ, ಕಾಸಿದ್ದವನು ಹತ್ತು ಕಟ್ಟಿದ. ಇದು ಮಿತಿಯ ಆಟ ಅಲ್ಲ, ಮಿತಿಯ ವೇಷ. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದದ್ದು ಇದು ಕೌಶಲವೋ ಅದೃಷ್ಟವೋ ಅಂತ. 2021ರ ಕರ್ನಾಟಕದ ತಿದ್ದುಪಡಿ ಕಾಯ್ದೆಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧಿಸೋ ಕಾಯ್ದೆ ಮಾಡಿತು, ದುಡ್ಡಿನ ಫ್ಯಾಂಟಸಿ ಸ್ಪರ್ಧೆಗಳು ನಿಂತವು. ಕೌಶಲ ಇರಲಿಲ್ಲ ಅಂತ ನಾನು ಹೇಳಲ್ಲ, ಇತ್ತು. ಆದರೆ ಸೋತವನು ಮನೆಗೆ ಏನು ತಗೊಂಡು ಹೋದ ಅನ್ನೋ ಪ್ರಶ್ನೆಗೆ ಕೌಶಲ ಉತ್ತರ ಅಲ್ಲ.

ಈಗ ನಮ್ಮ ಹುಡುಗರು ‘ಆಟನೇ ಹೋಯ್ತು’ ಅಂತ ಗೊಣಗ್ತಾರೆ. ಹೋಗಿದ್ದು ಬಾಜಿ ಕಣ್ರೋ, ಆಟ ಅಲ್ಲ. ಆಟ ಇನ್ನೂ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ. ಸೋತರೆ ಒಂದು ಟೀ ಕೊಡಿಸಬೇಕು, ಅದಕ್ಕೂ ನಮ್ಮಲ್ಲಿ ಮಿತಿ ಇದೆ: ದಿನಕ್ಕೆ ಒಂದೇ ಟೀ!

ನೀವೂ ಒಮ್ಮೆ ಆಡಿ ನೋಡಿ. ಮೇಲಿನ ಬೆಲೆಗಳನ್ನೇ ಇಟ್ಟುಕೊಳ್ಳಿ. 150ರದ್ದು ಬೇಡ, ಅದು ನನಗೀಗಲೇ ಗೊತ್ತು :) ಎಪ್ಪತ್ತರಲ್ಲಿ ನಿಮ್ಮ ಹನ್ನೊಂದು ಜನ ಯಾರು, ನಾಲ್ಕರ ಜಾಗದಲ್ಲಿ ನೀವು ನೆನಪಿಸಿಕೊಂಡ ಮರೆತ ಹೆಸರು ಯಾವುದು? ಕಾಯ್ತಾ ಇರ್ತೀನಿ.