ದಣಿದವರಿಗೆ ಉಪದೇಶ ಬೇಡ

ಸಂತ ಅಂತೋಣಿಯವರ ಹಬ್ಬವಾದ ಜೂನ್ 13 ಹತ್ತಿರವಾದರೆ ನಮ್ಮ ಪತ್ರಿಕೆಗಳಿಗೆ ಅವರ ದೇವಾಲಯವಿರುವ ಡೋರ್ನಹಳ್ಳಿ ನೆನಪಾಗುತ್ತದೆ. ಒಂದು ಗುಂಪು ‘ಭಾವೈಕ್ಯದ ಬೀಡು’ ಎಂದು ಹಳೆಯ ಬರಹಕ್ಕೇ ಹೊಸ ಫೋಟೊ ಅಂಟಿಸುತ್ತದೆ. ಇನ್ನೊಂದು ಗುಂಪಿಗೆ ಕೆ.ಆರ್. ನಗರದ ದಾರಿಯಲ್ಲಿ ಮೇಣದಬತ್ತಿ ಕಂಡರೂ ಮತಾಂತರದ ಗುಮಾನಿ. 2022ರ ಡಿಸೆಂಬರ್ 27ರಂದು ಪಿರಿಯಾಪಟ್ಟಣದ ಸಂತ ಮೇರಿ ಚರ್ಚಿನಲ್ಲಿ ಬಾಲಯೇಸುವಿನ ಮೂರ್ತಿಗೆ ಹಾನಿಯಾದಾಗ ಭಾವೈಕ್ಯದ ಲೇಖನಿಗಳು ಎಲ್ಲಿದ್ದವು?

ಮಂಗಳವಾರ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಮುಂದೆ ಕೂರುವವರು ಯಾರ ವಾದವನ್ನೂ ಗೆಲ್ಲಿಸಲು ಬಂದವರಲ್ಲ, ಸೋತು ಸುಸ್ತಾಗಿ ಬಂದವರು. ಹುಣಸೂರು, ಎಚ್.ಡಿ. ಕೋಟೆ ಕಡೆಯ ತಂಬಾಕಿನ ಕೆಲಸ ಗೊತ್ತಿದ್ದವರಿಗೆ ಈ ಸುಸ್ತನ್ನು ವಿವರಿಸಬೇಕಿಲ್ಲ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಅದನ್ನು ಒಣಗಿಸುವ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಉರಿ ಹದ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ, ಸಾಲ ಹಾಗೇ ಉಳಿಯುತ್ತದೆ. ಮೈ ಸೋಲುವ ಹೊತ್ತಿಗೆ ಮನಸ್ಸೂ ಸೋತಿರುತ್ತದೆ.

ಇಂಥವರಿಗೆ ‘ನಿನ್ನ ವಿಶ್ವಾಸ ಸಾಲದು, ಅದಕ್ಕೇ ಈ ನಿಶ್ಶಕ್ತಿ’ ಎನ್ನುವ ಬೋಧಕರಿದ್ದಾರೆ. ಮಾತ್ರೆ ನುಂಗಿದರೆ ದೇವರಿಗೆ ಅವಮಾನ ಎನ್ನುವವರೂ ಇದ್ದಾರೆ. ನಮ್ಮ ಜಗಳ ಇವರೊಂದಿಗೂ ಇದೆ. ಬೈಬಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡವರು ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯವನ್ನು ಒಮ್ಮೆ ಬಿಚ್ಚಿ ನೋಡಲಿ. ಪ್ರವಾದಿ ಎಲೀಯ ಪ್ರಾಣಭಯದಿಂದ ಓಡಿ, ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡುತ್ತಾನೆ. ದೇವದೂತ ಅವನನ್ನು ಗದರಿಸುವುದಿಲ್ಲ, ಪ್ರಸಂಗ ಮಾಡುವುದಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಸಿಕ್ಕಿದ್ದು ಊಟವೇ. ಆ ಊಟದ ಬಲದಿಂದ ಅವನು ನಲವತ್ತು ದಿನ ನಡೆದ.

ಅಂತೋಣಿಯವರೂ ಗಟ್ಟಿ ಆಳಲ್ಲ. ಮೊರಾಕ್ಕೊಗೆ ಹೋಗಿ ಕಾಯಿಲೆ ಬಿದ್ದು ಮರಳಿದವರು. 1231ರ ತಪಸ್ಸುಕಾಲದಲ್ಲಿ ಪದುವಾದಲ್ಲಿ ದಿನವೂ ಬೋಧಿಸಿ ಬಳಲಿದರು. ಅದೇ ವರ್ಷ ಜೂನ್ 13ರಂದು, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಪವಾಡಗಳ ಸಂತನಿಗೆ ತನ್ನ ದೇಹದ ಮಟ್ಟಿಗೆ ಪವಾಡ ಸಿಗಲಿಲ್ಲ. ಡೋರ್ನಹಳ್ಳಿಯಲ್ಲಿ ಅವರ ಮೂರ್ತಿ ಉಳುವವನ ನೇಗಿಲಿಗೆ ಸಿಕ್ಕಿತೆಂಬ ಐತಿಹ್ಯ ಇದೆ. 2019ರಲ್ಲಿ ಆ ದೇವಾಲಯಕ್ಕೆ ಬಸಿಲಿಕ ಪದವಿ ಬಂತು. ಜನ ಬರುವುದು ಪದವಿ ನೋಡಿಯಲ್ಲ, ತಾವು ಗಟ್ಟಿ ಎಂದು ತೋರಿಸಿಕೊಳ್ಳದೆ ಅಲ್ಲಿ ಕೂರಬಹುದೆಂದು. ವಿಶ್ವಾಸ ಕೊಡುವ ಬಲ ಅದೇ: ಸೋತೆ ಎಂದು ಹೇಳಿಕೊಳ್ಳುವ ಧೈರ್ಯ, ನಾಳೆ ಏಳುವಷ್ಟು ಕಸುವು.

ಈ ಸಂಚಿಕೆಯ ವಿಷಯ ‘ದಣಿವು ಮತ್ತು ಪ್ರಾರ್ಥನೆ’. ಓದುಗರಲ್ಲಿ ಒಂದೇ ಕೋರಿಕೆ: ದಣಿದವರು ಮನೆಗೆ ಬಂದರೆ ಮೊದಲು ಉಣ್ಣಲಿಕ್ಕಿ, ನಿದ್ದೆ ಮಾಡಲು ಬಿಡಿ, ಬೇಕಾದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ವಚನ ಹೇಳುವುದು ಆಮೇಲೆ.