ಯಾರಿಂದ ಯಾರಿಗೆ ರಕ್ಷಣೆ?

ಇತ್ತೀಚೆಗೆ ಒಂದು ನಿಕಾಹ್‌ನ ಊಟಕ್ಕೆ ಕುಳಿತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದು ಮಾತು ಹೇಳಿದರು. ಮೂವತ್ತು ವರ್ಷ ಶಾರ್ಜಾದಲ್ಲಿ ದುಡಿದು ಬಂದವರು. "ಏನೇ ಹೇಳಿ ಭಾಯ್, ಬ್ರಿಟಿಷರು ಹಿಮಾಯತ್ ಕೊಡದೇ ಹೋಗಿದ್ದರೆ ಆ ಶೇಖ್‌ಗಳು ಇವತ್ತಿಗೂ ಒಬ್ಬರ ಒಂಟೆಯನ್ನು ಇನ್ನೊಬ್ಬರು ಹೊಡೆದುಕೊಂಡು ಹೋಗುತ್ತಾ ಇರುತ್ತಿದ್ದರು." ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹಿರಿಯರ ಮಾತಿಗೆ ಊಟದ ಹೊತ್ತಿನಲ್ಲಿ ಎದುರಾಡುವುದು ನಮ್ಮಲ್ಲಿ ಪದ್ಧತಿಯಲ್ಲ. ಅಲ್ಲಿ ಆಡದೇ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಹಿಮಾಯತ್ ಪದವನ್ನು ನಾನು ಕಲಿತದ್ದು ಉರ್ದು ಶಾಲೆಯಲ್ಲಿ. ಒಬ್ಬನ ಬೆನ್ನಿಗೆ ನಿಲ್ಲುವುದು ಎಂದರ್ಥ. ಅರಬಿಯಲ್ಲೂ ಅದು ಹಿಮಾಯಾ, ರಕ್ಷಣೆ. ಕನ್ನಡದ ಪುಸ್ತಕಗಳಲ್ಲಿ 'ಸಂರಕ್ಷಿತ ರಾಜ್ಯ' ಎಂದು ಓದಿದ್ದೇವೆ. ಮೂರು ಭಾಷೆಯಲ್ಲೂ ಕಿವಿಗೆ ಹಿತವಾದ ಮಾತೇ. ಆದರೆ ಮಾತನ್ನು ಬಿಟ್ಟು ಕರಾರಿನ ಕಾಗದವನ್ನು ನೋಡಿ. 1892ರಲ್ಲಿ ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ಮುಲ್ ಖುವೈನ್, ರಾಸ್ ಅಲ್ ಖೈಮಾಗಳ ಶೇಖ್‌ಗಳು ಬ್ರಿಟಿಷರಿಗೆ ಬರೆದುಕೊಟ್ಟ ಕರಾರಿನಲ್ಲಿ ಇರುವುದು ಮೂರೇ ಮಾತು. ಬ್ರಿಟಿಷ್ ಸರ್ಕಾರವನ್ನು ಬಿಟ್ಟು ಬೇರೆ ಯಾವ ಸರ್ಕಾರದ ಜೊತೆಗೂ ನಾನು ಒಪ್ಪಂದವಾಗಲಿ ಪತ್ರವ್ಯವಹಾರವಾಗಲಿ ಮಾಡುವುದಿಲ್ಲ. ಬ್ರಿಟಿಷರ ಒಪ್ಪಿಗೆ ಇಲ್ಲದೆ ಬೇರೆ ಸರ್ಕಾರದ ಪ್ರತಿನಿಧಿ ನನ್ನ ನೆಲದಲ್ಲಿ ನೆಲೆಸಲು ಬಿಡುವುದಿಲ್ಲ. ನನ್ನ ನೆಲದ ಯಾವ ಭಾಗವನ್ನೂ ಬ್ರಿಟಿಷರಿಗಲ್ಲದೆ ಬೇರಾರಿಗೂ ಬಿಟ್ಟುಕೊಡುವುದಿಲ್ಲ, ಮಾರುವುದಿಲ್ಲ, ಅಡವಿಡುವುದಿಲ್ಲ. ಇದಕ್ಕೆ ನಾನಷ್ಟೇ ಅಲ್ಲ, ನನ್ನ ವಾರಸುದಾರರೂ ಬದ್ಧರು.

ಅಷ್ಟೆ. ಎದುರು ಪಕ್ಷ ಏನು ಕೊಡುತ್ತದೆ ಎಂದು ಹುಡುಕಿದರೆ, ನಿಮ್ಮ ಮೇಲೆ ಯಾರಾದರೂ ದಾಳಿ ಮಾಡಿದರೆ ನಾವು ಕಾಯುತ್ತೇವೆ ಎಂಬ ಒಂದು ಸಾಲೂ ಅದರಲ್ಲಿಲ್ಲ. ನಮ್ಮ ಹಳ್ಳಿಯ ಸಾಹುಕಾರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಪತ್ರದಲ್ಲಾದರೂ ಕೊಟ್ಟ ಸಾಲ ಎಷ್ಟೆಂದು ಬರೆದಿರುತ್ತಿತ್ತು!

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ಮೊದಲು ನಡೆದದ್ದು ಹೆಸರಿಡುವ ಕೆಲಸ. ಆ ತೀರಕ್ಕೆ ಇಂಗ್ಲಿಷರು ಇಟ್ಟ ಹೆಸರು 'ಕಡಲ್ಗಳ್ಳರ ತೀರ'. ರಾಸ್ ಅಲ್ ಖೈಮಾದ ಖಾಸಿಮಿಗಳು ಕಂಪನಿಯ ಹಡಗುಗಳ ಮೇಲೆ ಬೀಳುತ್ತಿದ್ದರು ಎಂಬುದು ಆಪಾದನೆ. ಬಿದ್ದದ್ದು ಸುಳ್ಳಲ್ಲ. ಆದರೆ ಖಾಸಿಮಿಗಳಿಗೆ ಮಸ್ಕತ್ತಿನ ಜೊತೆ ವೈರವಿತ್ತು, ಮಸ್ಕತ್ ಕಂಪನಿಯ ಮಿತ್ರನಾಗಿತ್ತು ಎಂಬುದನ್ನು ಈ ಆಪಾದನೆ ಮರೆಮಾಚುತ್ತದೆ. ವೈರಿಯ ಮಿತ್ರನ ಹಡಗನ್ನು ಹಿಡಿಯುವ ಕೆಲಸವನ್ನು ಇಂಗ್ಲಿಷರು ತಮ್ಮ ರಾಜನ ಪರವಾನಗಿ ಪಡೆದು ಮಾಡಿದಾಗ ಅದು ಯುದ್ಧ, ಅರಬ ಮಾಡಿದರೆ ಕಳ್ಳತನ. ಶಾರ್ಜಾದ ದೊರೆ ಸುಲ್ತಾನ್ ಬಿನ್ ಮುಹಮ್ಮದ್ ಅಲ್ ಖಾಸಿಮಿಯವರು ಮುಂಬಯಿಯ ಪತ್ರಾಗಾರದ ಕಡತಗಳನ್ನೇ ಜಾಲಾಡಿ ಈ ಕಡಲ್ಗಳ್ಳತನದ ಕಥೆಯನ್ನು ಪ್ರಶ್ನಿಸುವ ಪುಸ್ತಕವನ್ನು 1986ರಲ್ಲಿ ಪ್ರಕಟಿಸಿದರು. ಅವರು ಅದೇ ಮನೆತನದವರು, ಅವರ ಮಾತನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕಿಲ್ಲ, ಒಪ್ಪದ ಇತಿಹಾಸಕಾರರೂ ಇದ್ದಾರೆ. ಆದರೆ ಕಂಪನಿಯ ಕಡತವನ್ನು ಕಂಪನಿಯ ಕಣ್ಣಿಂದಷ್ಟೇ ಓದುವ ಕಾಲ ಅಲ್ಲಿಗೆ ಮುಗಿಯಿತು.

1819ರ ಕೊನೆಯಲ್ಲಿ ಮುಂಬಯಿಯಿಂದ ಹೊರಟ ಸುಮಾರು 3,000 ಜನರ ಸೇನೆ ರಾಸ್ ಅಲ್ ಖೈಮಾವನ್ನು ಹಿಡಿಯಿತು. ಕೋಟೆಗಳನ್ನು ಕೆಡವಿತು, ಹಡಗುಗಳನ್ನು ಸುಟ್ಟಿತು. ಆ ಸೇನೆಯಲ್ಲಿ ಗೋರಾಗಳಷ್ಟೇ ಇರಲಿಲ್ಲ, ನಮ್ಮ ಸಿಪಾಯಿಗಳೂ ಇದ್ದರು ಎಂಬುದನ್ನು ನಾಚಿಕೆಯಿಂದಲೇ ಬರೆಯಬೇಕು. ಹೊಗೆ ಇನ್ನೂ ಆರುವ ಮೊದಲೇ, 1820ರ ಜನವರಿಯಲ್ಲಿ, ಒಪ್ಪಂದ ಸಿದ್ಧವಾಯಿತು. ಹಡಗಿನ ಹೆಸರು, ಉದ್ದಗಲ ಬರೆದ ಪತ್ರ ಇಟ್ಟುಕೊಂಡಿರಬೇಕು. ಎಷ್ಟು ಜನ, ಎಷ್ಟು ಆಯುಧ ಎಂಬ ಲೆಕ್ಕ ಇರಬೇಕು. ಬಾವುಟ ಹೀಗೆಯೇ ಇರಬೇಕು: ಕೆಂಪಿನ ಸುತ್ತ ಬಿಳಿಯ ಅಂಚು. ಶಾರ್ಜಾ ಮತ್ತು ರಾಸ್ ಅಲ್ ಖೈಮಾಗಳ ಬಾವುಟ ಇಂದಿಗೂ ಅದೇ.

1835ರಲ್ಲಿ ಮುತ್ತಿನ ಋತುವಿಗೆಂದು ಕಡಲ ಕದನವಿರಾಮ ಬಂತು. 1843ರಲ್ಲಿ ಹತ್ತು ವರ್ಷಕ್ಕೆ ಹಿಗ್ಗಿತು, 1853ರಲ್ಲಿ 'ಶಾಶ್ವತ' ಎನಿಸಿಕೊಂಡಿತು. ಕಡಲ್ಗಳ್ಳರ ತೀರ ಈಗ ಸುಲಹ್ ಮಾಡಿಕೊಂಡವರ ತೀರವಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಇದರಿಂದ ಮುತ್ತು ತೆಗೆಯುವ ಮುಳುಗುಗಾರನಿಗೆ ಅನುಕೂಲವಾಯಿತು. ಬೇಸಿಗೆಯ ಆ ನಾಲ್ಕು ತಿಂಗಳು ಅವನ ದೋಣಿಯ ಮೇಲೆ ಯಾರೂ ಬೀಳುತ್ತಿರಲಿಲ್ಲ. ಕಡಲಲ್ಲಿ ದಾಳಿಯಾದರೆ ಪರಿಹಾರ ಕೊಡಿಸುತ್ತೇವೆ ಎಂಬ ಮಾತೂ 1853ರ ಒಪ್ಪಂದದಲ್ಲಿತ್ತು. ನಮ್ಮ ಹಿರಿಯರ ಮಾತಿನಲ್ಲಿ ಇಷ್ಟು ಸತ್ಯವಿದೆ. ಆದರೆ ದಡಕ್ಕೆ ಬಂದ ಮುಳುಗುಗಾರ ನಾಖುದಾನ ಸಾಲದಲ್ಲಿ ಮೊದಲಿನಂತೆಯೇ ಮುಳುಗಿದ್ದ. ಆ ಸಾಲದಿಂದ ಅವನನ್ನು ಬಿಡಿಸುವ ಸಾಲು ಯಾವ ಒಪ್ಪಂದದಲ್ಲೂ ಇರಲಿಲ್ಲ.

ಈ ಕಥೆ ನಮಗೆ ದೂರದ್ದು ಎಂದುಕೊಳ್ಳಬೇಡಿ. ಇಂಥ ಕಾಗದಗಳಲ್ಲಿ ಮೊದಲನೆಯದಕ್ಕೆ ಮೈಸೂರಿನ ನೆರಳಿದೆ. ಮಸ್ಕತ್ತಿನಲ್ಲಿ ಟಿಪ್ಪು ಸುಲ್ತಾನರ ವ್ಯಾಪಾರದ ಕೋಠಿ ಇತ್ತು. ಫ್ರೆಂಚರು ಆ ದಾರಿಯಾಗಿ ಟಿಪ್ಪುವಿಗೆ ಕೈಜೋಡಿಸಿಯಾರು ಎಂಬ ಭಯ ಕಂಪನಿಗೆ. 1798ರ ಅಕ್ಟೋಬರ್‌ನಲ್ಲಿ ಕಂಪನಿಯ ಪರವಾಗಿ ಹೋದ ಮೆಹದಿ ಅಲಿ ಖಾನ್ ಎಂಬಾತ ಮಸ್ಕತ್ತಿನ ದೊರೆಯಿಂದ ಫ್ರೆಂಚರಿಗೆ ಜಾಗ ಕೊಡುವುದಿಲ್ಲವೆಂಬ ಕೌಲ್‌ನಾಮಾ ಬರೆಸಿಕೊಂಡು ಬಂದ. ಮರುವರ್ಷ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೌಲು ಎಂಬ ಈ ಅರಬಿ ಪದ ನಮ್ಮ ರೈತನ ಬಾಯಲ್ಲೂ ಇತ್ತು, ಅಲ್ಲವೇ? ಅದೇ 1798ರಲ್ಲಿ ನಿಜಾಮನೂ ಮರುವರ್ಷ ಮೈಸೂರಿನ ಒಡೆಯರೂ ಸಹಾಯಕ ಸೈನ್ಯ ಪದ್ಧತಿಗೆ ಕೊರಳೊಡ್ಡಿದರು. ನಿನ್ನನ್ನು ಕಾಯುತ್ತೇನೆ, ಬೇರೆಯವರೊಂದಿಗೆ ಮಾತಾಡಬೇಡ. ಕೊಲ್ಲಿಯಲ್ಲಿ ಈ ಸರಕಿನ ಮೊದಲರ್ಧವೂ ಬೇಕಾಗಲಿಲ್ಲ. ಕೊಲ್ಲಿಯ ಬ್ರಿಟಿಷ್ ರೆಸಿಡೆಂಟ್ ಬುಶಹರ್‌ನಲ್ಲಿ ಕುಳಿತು ಮೊದಲು ಮುಂಬಯಿಗೆ, 1873ರಿಂದ ನೇರವಾಗಿ ಭಾರತದ ವೈಸರಾಯ್ ಸರ್ಕಾರಕ್ಕೆ ವರದಿ ಒಪ್ಪಿಸುತ್ತಿದ್ದ. ಅಲ್ಲಿ ಓಡುತ್ತಿದ್ದ ನಾಣ್ಯವೂ ನಮ್ಮ ರೂಪಾಯಿ.

ಇನ್ನೊಂದು ವಾದವಿದೆ: ಶೇಖ್‌ಗಳೇ ಬೇಡಿ ಪಡೆದರಲ್ಲ? ಪಡೆದರು, ನಿಜ. ಕುವೈತಿನ ಮುಬಾರಕ್ 1896ರಲ್ಲಿ ತನ್ನ ಇಬ್ಬರು ಅಣ್ಣಂದಿರನ್ನು ಕೊಂದು ಗದ್ದುಗೆ ಏರಿದವನು. ಉಸ್ಮಾನಿಯರ ಭಯ, ಸತ್ತವರ ಕಡೆಯವರ ಭಯ. 1899ರ ಜನವರಿಯಲ್ಲಿ ಗುಟ್ಟಾಗಿ ಸಹಿ ಹಾಕಿ 15,000 ರೂಪಾಯಿ ಪಡೆದ. ಅವನಿಗೂ ಕರಾರಿನಲ್ಲಿ ರಕ್ಷಣೆಯ ಮಾತು ಸಿಗಲಿಲ್ಲ, ಬ್ರಿಟಿಷ್ ಸರ್ಕಾರದ ಸದ್ಭಾವನೆಯ ಒಂದು ಪ್ರತ್ಯೇಕ ಪತ್ರ ಸಿಕ್ಕಿತು. ಬೇಡಿದವನು ಯಾರು, ಕುವೈತಿನ ಜನವೇ ಅಥವಾ ತನ್ನ ಮನೆಯಲ್ಲೇ ರಕ್ತ ಹರಿಸಿದ ಒಬ್ಬ ಮನುಷ್ಯನೇ? ಈ ಒಪ್ಪಂದಗಳು ದೊರೆ ಮತ್ತು ಪ್ರಜೆಯನ್ನು ಒಂದೇ ಹೆಸರಿನಲ್ಲಿ ಸುತ್ತಿಬಿಟ್ಟವು. ನಮ್ಮಲ್ಲೂ ಕೆಲವರು ಎಲ್ಲ ತಪ್ಪನ್ನೂ ಬಿಳಿಯರ ತಲೆಗೆ ಕಟ್ಟಿ ಶೇಖ್‌ಗಳನ್ನು ಮುಗ್ಧರೆನ್ನುತ್ತಾರೆ. ನಾನು ಆ ಪಂಗಡದವನಲ್ಲ.

ಆದರೆ ಆ ಗದ್ದುಗೆಯೂ ಬಾಡಿಗೆಯದೇ. 1922ರಲ್ಲಿ ಈ ತೀರದ ಶೇಖ್‌ಗಳು, ಎಣ್ಣೆ ಸಿಕ್ಕಿದರೆ ಬ್ರಿಟಿಷರು ಒಪ್ಪಿದವರಿಗೆ ಮಾತ್ರ ಗುತ್ತಿಗೆ ಎಂದು ಬರೆದುಕೊಟ್ಟರು. ಅರಬ್ ಲೀಗ್‌ನ ನೆರವಿನ ಕಚೇರಿಗೆ ಶಾರ್ಜಾದಲ್ಲಿ ಬಾಗಿಲು ತೆರೆಯಹೊರಟ ಶೇಖ್ ಸಖರ್ ಬಿನ್ ಸುಲ್ತಾನ್ 1965ರ ಜೂನ್‌ನಲ್ಲಿ ಗದ್ದುಗೆ ಕಳೆದುಕೊಂಡ. ಬೇರೆ ಸರ್ಕಾರದವರು ಬರಬಾರದೆಂಬ 1892ರ ಮಾತು 73 ವರ್ಷಗಳ ನಂತರವೂ ಹಲ್ಲು ಕಳೆದುಕೊಂಡಿರಲಿಲ್ಲ. ಇತ್ತ ಆ ತೀರದ ಮೊದಲ ಆಧುನಿಕ ಆಸ್ಪತ್ರೆ ದುಬೈಯಲ್ಲಿ ಬಾಗಿಲು ತೆರೆದದ್ದು 1950ರ ಆಸುಪಾಸಿನಲ್ಲಿ. ಮೊದಲ ಒಪ್ಪಂದಕ್ಕೂ ಮೊದಲ ಆಸ್ಪತ್ರೆಗೂ ನಡುವೆ 130 ವರ್ಷ!

ರಕ್ಷಣೆಯ ಪರೀಕ್ಷೆ ನಡೆದದ್ದು ಕೊನೆಯಲ್ಲಿ. 1967ರ ನವೆಂಬರ್‌ನಲ್ಲಿ ಬ್ರಿಟಿಷ್ ಮಂತ್ರಿ ಗೊರಾನ್ವಿ ರಾಬರ್ಟ್ಸ್ ಬಂದು, ನಾವು ಹೋಗುವುದಿಲ್ಲ ಎಂದು ಶೇಖ್‌ಗಳಿಗೆ ಧೈರ್ಯ ಹೇಳಿ ಹೋದರು. 1968ರ ಜನವರಿಯಲ್ಲಿ ಅದೇ ರಾಬರ್ಟ್ಸ್ ಮತ್ತೆ ಬಂದು, 1971ರ ಕೊನೆಗೆ ಹೊರಡುತ್ತೇವೆ ಎಂದರು. ಲಂಡನ್ನಿನ ಬೊಕ್ಕಸ ಬರಿದಾಗಿತ್ತು. ಖರ್ಚು ನಾವೇ ಕೊಡುತ್ತೇವೆ, ಇರಿ ಎಂದು ಶೇಖ್‌ಗಳು ಕೇಳಿಕೊಂಡಾಗ ರಕ್ಷಣಾ ಮಂತ್ರಿ ಡೆನಿಸ್ ಹೀಲಿ, ಅರಬ್ ಶೇಖ್‌ಗಳಿಗೆ ಬಿಳಿಯ ಹೆಣ್ಣುಗಳನ್ನು ಮಾರುವ ದಲ್ಲಾಳಿಯಂತಾಗಲು ನನಗಿಷ್ಟವಿಲ್ಲ ಎಂಬರ್ಥದ ಮಾತಾಡಿದರು. ಒಂದೂವರೆ ಶತಮಾನದ ದೋಸ್ತಿಗೆ ಸಿಕ್ಕ ಬಹುಮಾನ ಇದು.

1971ರ ನವೆಂಬರ್ 30ರ ಬೆಳಗ್ಗೆ ಇರಾನಿನ ಶಾಹನ ಸೈನಿಕರು ರಾಸ್ ಅಲ್ ಖೈಮಾಕ್ಕೆ ಸೇರಿದ್ದ ಎರಡು ತುಂಬ್ ದ್ವೀಪಗಳಿಗೆ ಇಳಿದರು. ಅಬೂ ಮೂಸಾ ದ್ವೀಪಕ್ಕೂ ಇಳಿದರು, ಅಲ್ಲಿ ಶಾರ್ಜಾ ಒತ್ತಡದಲ್ಲಿ ಮೊದಲೇ ಒಂದು ಒಡಂಬಡಿಕೆಗೆ ಒಪ್ಪಿತ್ತು. ದೊಡ್ಡ ತುಂಬ್‌ನಲ್ಲಿ ಎದುರು ನಿಂತ ಬೆರಳೆಣಿಕೆಯ ಅರಬ್ ಪೊಲೀಸರು ಗುಂಡೇಟಿಗೆ ಸಿಕ್ಕರು. ಬ್ರಿಟನ್ನಿನ ಹಳೆಯ ಒಪ್ಪಂದಗಳು ರದ್ದಾದದ್ದು ಮರುದಿನ, ಡಿಸೆಂಬರ್ 1ಕ್ಕೆ. ಅಂದರೆ ಆ ಬೆಳಗ್ಗೆ ಹಿಮಾಯತ್ ಇನ್ನೂ ಜಾರಿಯಲ್ಲಿತ್ತು. ಬ್ರಿಟಿಷ್ ನೌಕಾಪಡೆ ಕದಲಲಿಲ್ಲ. ಇನ್ನೊಂದೇ ದಿನ ಉಳಿದಿದೆ, ಅದಕ್ಕಾಗಿ ಶಾಹನ ಜೊತೆ ಜಗಳವೇಕೆ ಎಂಬುದು ಲಂಡನ್ನಿನ ಲೆಕ್ಕ. ಡಿಸೆಂಬರ್ 2ರಂದು ಹುಟ್ಟಿದ ಹೊಸ ಒಕ್ಕೂಟಕ್ಕೆ ರಾಸ್ ಅಲ್ ಖೈಮಾ ಸೇರಲಿಲ್ಲ, 1972ರ ಫೆಬ್ರವರಿಯಲ್ಲಷ್ಟೇ ಸೇರಿತು. ದ್ವೀಪಗಳು ಮರಳಿ ಬರಲಿಲ್ಲ.

ಬ್ರಿಟಿಷರ ಜಾಗಕ್ಕೆ ಅಮೆರಿಕ ಬಂತು. 2025ರ ಸೆಪ್ಟೆಂಬರ್ 9ರಂದು ಇಸ್ರೇಲಿನ ವಿಮಾನಗಳು ದೋಹಾದ ಮೇಲೆ ಬಾಂಬು ಹಾಕಿದಾಗ, ಕೊಲ್ಲಿಯಲ್ಲಿ ಅಮೆರಿಕದ ಅತಿದೊಡ್ಡ ವಾಯುನೆಲೆ ಇದ್ದದ್ದು ಅದೇ ಖತಾರಿನಲ್ಲಿ, ಅಲ್ ಉದೈದ್‌ನಲ್ಲಿ. ಸತ್ತವರಲ್ಲಿ ಒಬ್ಬ ಖತಾರಿನ ಭದ್ರತಾ ಸಿಬ್ಬಂದಿ. ಆ ತಿಂಗಳು ಮುಗಿಯುವಷ್ಟರಲ್ಲಿ ಅಮೆರಿಕದ ಅಧ್ಯಕ್ಷರು ಖತಾರಿಗೆ ರಕ್ಷಣೆಯ ಭರವಸೆ ಕೊಡುವ ಆದೇಶವೊಂದಕ್ಕೆ ಸಹಿ ಹಾಕಿದರು. ಅದು ಅವರ ಸೆನೆಟ್ ಒಪ್ಪಿದ ಒಪ್ಪಂದವಲ್ಲ. ಮುಂದೆ ಬರುವ ಅಧ್ಯಕ್ಷರು ಇನ್ನೊಂದು ಸಹಿಯಿಂದ ಅದನ್ನು ಅಳಿಸಬಹುದು.